ಎಂಟು ಎಲೆ ಒಂದೇ ಜಾತಿ: ಒಂದೇ ಸಲ ಕೂಗಿ, ಸುಮ್ಮನಿರಿ

ಹದಿಮೂರು ಎಲೆ ಎತ್ತಿ ಜೋಡಿಸಿಕೊಳ್ಳಲು ಹೊರಟರೆ ಆಟೀನು ಮುಗಿಯುವುದೇ ಇಲ್ಲ. ಆರು, ಏಳು, ಎಂಟು. ಉಳಿದ ಮೂರು ಜಾತಿಯಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಮೈಸೂರಿನ ಒಂಟಿಕೊಪ್ಪಲಿನಲ್ಲಿ ಸಂಜೆ ಹೊತ್ತು ಬ್ರಿಜ್ ಕಲಿಯುತ್ತಿರುವ ನಮ್ಮ ಹಿರಿಯರ ಗುಂಪಿನಲ್ಲಿ ಇಂಥ ಕೈ ಬಂದವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಮೊದಲು ‘ಒಂದು ಆಟೀನು’ ಅನ್ನುತ್ತಾರೆ. ಎದುರಾಳಿ ಏನಾದರೂ ಕೂಗಿದರೆ ‘ಎರಡು ಆಟೀನು’. ಮತ್ತೆ ಕೂಗಿದರೆ ಮೂರು. ಕೊನೆಗೆ ಹೇಗೂ ನಾಲ್ಕಕ್ಕೆ ಬಂದು ನಿಲ್ಲುತ್ತಾರೆ. ನಾಲ್ಕಕ್ಕೆ ಬರುವುದಿದ್ದರೆ ಮೊದಲ ಬಾಯಲ್ಲೇ ನಾಲ್ಕು ಅನ್ನಬೇಕು ಎಂದು ಹೇಳಿದಾಗ ನಿವೃತ್ತ ಮೇಷ್ಟ್ರೊಬ್ಬರು ಬೆಚ್ಚಿದರು. ‘ಏನ್ ಸಾರ್ ಹೀಗಂತೀರಿ? ಇರೋದೇ ಆರು ಪಾಯಿಂಟು. ಇಷ್ಟಿಟ್ಕೊಂಡು ನಾಲ್ಕು ಹೇಗೆ ಕೂಗೋದು?’ ಅವರ ಪ್ರಶ್ನೆ ಸರಿಯಾದದ್ದೇ. ಉತ್ತರ ಸ್ವಲ್ಪ ಉದ್ದವಿದೆ, ಹಾಗಾಗಿ ಈ ವಾರದ ಅಂಕಣವನ್ನು ಅದಕ್ಕೇ ಮೀಸಲಿಡುತ್ತೇನೆ.

ಬ್ರಿಜ್ ಆಡದವರಿಗೂ ಇದು ತಿಳಿಯದ ವಿಷಯವಲ್ಲ. ಕಾಸರಗೋಡು, ದಕ್ಷಿಣ ಕನ್ನಡದ ಕಡೆ ಇಪ್ಪತ್ತೆಂಟು ಎಂಬ ಎಲೆಯಾಟ ಆಡಿ ಬೆಳೆದವರಿಗೆ ಜೋಡಿ ಕಟ್ಟಿ ಎದುರುಬದುರು ಕೂರುವುದು, ಎಲೆ ನೋಡಿ ಇಷ್ಟು ಗೆಲ್ಲುತ್ತೇನೆ ಎಂದು ಕೂಗುವುದು, ಹೆಚ್ಚು ಕೂಗಿದವರು ತುರುಪು ನಿರ್ಧರಿಸುವುದು ಎಲ್ಲ ಗೊತ್ತು. ಬ್ರಿಜ್ ಕೂಡ ಇದೇ ಕುಲದ್ದು. 52 ಎಲೆಯೂ ಆಟದಲ್ಲಿರುತ್ತವೆ, ನಾಲ್ವರಿಗೆ ತಲಾ 13. ನಾಲ್ವರೂ ಒಂದೊಂದು ಎಲೆ ಇಳಿಸಿದರೆ ಒಂದು ಟ್ರಿಕ್. ‘ಒಂದು ಆಟೀನು’ ಎಂದರೆ ಆರರ ಮೇಲೆ ಒಂದು, ಅಂದರೆ ಆಟೀನು ತುರುಪಾಗಿ ಏಳು ಟ್ರಿಕ್ ಗೆಲ್ಲುತ್ತೇವೆ ಎಂಬ ಕರಾರು. ‘ನಾಲ್ಕು ಆಟೀನು’ ಎಂದರೆ ಹತ್ತು. ಜಾತಿಗಳಿಗೂ ಮೇಲುಕೀಳಿದೆ: ಎಲ್ಲಕ್ಕಿಂತ ಕೆಳಗೆ ಕಳಾವರ್, ಅದರ ಮೇಲೆ ಡೈಮಂಡ್, ಆಟೀನು, ಸ್ಪೇಡ್, ತುದಿಯಲ್ಲಿ ತುರುಪೇ ಇಲ್ಲದ ನೋಟ್ರಂಪ್. ಇಪ್ಪತ್ತೆಂಟರಲ್ಲಿ ಗುಲಾಮನೇ ದೊಡ್ಡವನು, ಬ್ರಿಜ್‌ನಲ್ಲಿ ಎಕ್ಕ. ಎಕ್ಕಕ್ಕೆ 4, ರಾಜನಿಗೆ 3, ರಾಣಿಗೆ 2, ಗುಲಾಮನಿಗೆ 1 ಎಂದು ಎಣಿಸಿದರೆ ಇಡೀ ಕಟ್ಟಿನಲ್ಲಿ 40 ಪಾಯಿಂಟು. ಜೋಡಿಯ ಇಬ್ಬರಲ್ಲಿ ಸೇರಿ 25 ಇದ್ದರೆ ಗೇಮ್, ಅಂದರೆ ಹೆಚ್ಚುವರಿ ಅಂಕ ತರುವ ಕರಾರು, ಕೂಗಬಹುದು ಎಂದು ಎಲ್ಲ ಪಾಠಗಳೂ ಹೇಳಿಕೊಡುತ್ತವೆ.

ಮೇಷ್ಟ್ರು ತಡವರಿಸಿದ್ದು ಈ ಲೆಕ್ಕದ ಹತ್ತಿರ. ಪಾಯಿಂಟು ಎಣಿಸುವುದು ಎಲೆಗಳು ನಾಲ್ಕು ಜಾತಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಹೋದಾಗ ನಡೆಯುವ ಲೆಕ್ಕ. ಒಂದೇ ಜಾತಿಯಲ್ಲಿ ಎಂಟು ಕೂತರೆ ಆ ಲೆಕ್ಕ ಕೆಲಸಕ್ಕೆ ಬರುವುದಿಲ್ಲ. ಆ ಜಾತಿಯ ಮಿಕ್ಕ ಐದು ಎಲೆ ಮೂವರ ಕೈಯಲ್ಲಿ ಚದುರಿಹೋಗಿರುತ್ತವೆ. ಎರಡು ಮೂರು ಸುತ್ತು ಎಳೆದರೆ ಎಲ್ಲರದೂ ಖಾಲಿ. ಆಮೇಲೆ ನಿಮ್ಮ ಕೈಯ ಮೂರು, ಆರುಗಳೂ ಎಕ್ಕದಷ್ಟೇ ಬೆಲೆ ಬಾಳುತ್ತವೆ. ಇಯಾನ್ ಫ್ಲೆಮಿಂಗ್ 1955ರಲ್ಲಿ ಬರೆದ ‘ಮೂನ್‌ರೇಕರ್’ ಕಾದಂಬರಿಯಲ್ಲಿ ಇದನ್ನು ಕೊನೆಯ ಹಂತಕ್ಕೆ ಒಯ್ದ ಒಂದು ಆಟವಿದೆ. ಖಳ ಡ್ರಾಕ್ಸ್‌ನ ಕೈಯಲ್ಲಿ 31 ಪಾಯಿಂಟು. ಜೇಮ್ಸ್ ಬಾಂಡ್‌ನ ಕೈಯಲ್ಲಿ ಬರೀ ಎಂಟು: ರಾಣಿ ಸೇರಿ ಎಂಟು ಡೈಮಂಡ್, ಎಕ್ಕ, ರಾಣಿ, ಹತ್ತು ಸೇರಿದಂತೆ ಐದು ಕಳಾವರ್, ಸ್ಪೇಡ್, ಆಟೀನು ಎರಡೂ ಖಾಲಿ. ಬಾಂಡ್ ಕಳಾವರ್‌ನಲ್ಲಿ ಏಳು ಕೂಗಿ, ಸೋಲುತ್ತೀರಿ ಎಂದು ಎದುರಾಳಿ ಒಡ್ಡುವ ಸವಾಲಾದ ಡಬಲ್‌ಗೆ ಪ್ರತಿಡಬಲ್ ಕೊಟ್ಟು, ಹದಿಮೂರಕ್ಕೆ ಹದಿಮೂರೂ ಟ್ರಿಕ್ ಗೆಲ್ಲುತ್ತಾನೆ. ಕಥೆಯಲ್ಲಿ ಆ ಎಲೆಗಳನ್ನು ಬೇಕೆಂದೇ ಜೋಡಿಸಿಟ್ಟಿದ್ದು ನಿಜ. ಆದರೆ ಲೆಕ್ಕದಲ್ಲಿ ಮೋಸವಿಲ್ಲ. ಯಾರು ಬೇಕಾದರೂ ಎಲೆ ಹರವಿಕೊಂಡು ನೋಡಬಹುದು.

ಈಗ ಮೇಷ್ಟ್ರ ಕೈಯಂಥದೇ ಒಂದು ಕೈಯನ್ನು ಮೇಜಿನ ಮೇಲೆ ಹರವೋಣ. ದಕ್ಷಿಣದಲ್ಲಿ ನೀವು ಕೂತಿದ್ದೀರಿ, ಮೊದಲ ಕೂಗು ನಿಮ್ಮದು. ಆಟೀನಿನಲ್ಲಿ ರಾಜ, ರಾಣಿ, ಗುಲಾಮ, ಹತ್ತು, ಒಂಬತ್ತು, ಏಳು, ಆರು, ಮೂರು. ಡೈಮಂಡ್ ಎಂಟು ಮತ್ತು ನಾಲ್ಕು. ಕಳಾವರ್ ಒಂಬತ್ತು ಮತ್ತು ಎರಡು. ಸ್ಪೇಡ್ ಐದು, ಒಂಟಿ. ಒಟ್ಟು ಆರು ಪಾಯಿಂಟು. ಎದುರಿಗೆ ಉತ್ತರದಲ್ಲಿರುವ ನಿಮ್ಮ ಜೊತೆಗಾರರ ಬಳಿ ಆಟೀನು ಒಂದೇ, ಪಾಯಿಂಟು ಮೂರೇ. ಪಶ್ಚಿಮದವರ ಬಳಿ ಎಕ್ಕ, ಗುಲಾಮ ಸೇರಿ ಐದು ಸ್ಪೇಡ್, ಆಟೀನಿನ ಎಕ್ಕ, ಒಟ್ಟು 15 ಪಾಯಿಂಟು. ಪೂರ್ವದವರ ಬಳಿ ರಾಜ, ರಾಣಿ ಸೇರಿ ನಾಲ್ಕು ಸ್ಪೇಡ್, 16 ಪಾಯಿಂಟು. ಅಂದರೆ ಎದುರಾಳಿಗಳ ಬಳಿ 31 ಪಾಯಿಂಟು, ಒಂಬತ್ತು ಸ್ಪೇಡ್. ಕಳಾವರ್ ರಾಣಿ ಯಾರ ಬಳಿ ಇದೆ ಎಂಬುದನ್ನು ಸರಿಯಾಗಿ ಊಹಿಸಿದರೆ ಅವರಿಗೆ ಸ್ಪೇಡ್‌ನಲ್ಲಿ ಹನ್ನೆರಡು ಟ್ರಿಕ್ ಬರುತ್ತದೆ. ಅದು ಸ್ಲ್ಯಾಮ್. ನಿಮಗೆ ಇದಾವುದೂ ಕಾಣುವುದಿಲ್ಲ. ಆದರೆ ನಿಮ್ಮ ಬಳಿ ಆರೇ ಪಾಯಿಂಟು ಇರುವಾಗ ಉಳಿದ 34 ಎಲ್ಲೋ ಇರಲೇಬೇಕು, ಅದರಲ್ಲಿ ಹೆಚ್ಚಿನ ಪಾಲು ಎದುರಾಳಿಗಳದೇ ಎಂದು ಅಂದಾಜು ಮಾಡಬಹುದು.

ನೀವು ‘ಒಂದು ಆಟೀನು’ ಅಂದಿರಿ ಎನ್ನಿ. ಪಶ್ಚಿಮದವರು ‘ಒಂದು ಸ್ಪೇಡ್’ ಅನ್ನುತ್ತಾರೆ. ಪೂರ್ವದವರು ತಮಗೂ ಸ್ಪೇಡ್ ಇದೆ, ಬಲವೂ ಇದೆ ಎಂದು ತಿಳಿಸುತ್ತಾರೆ. ನೀವು ‘ಎರಡು’, ‘ಮೂರು’ ಅನ್ನುತ್ತ ಹೋದಂತೆ ಅವರು ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತ ಹೋಗುತ್ತಾರೆ. ಎಕ್ಕ ಎಷ್ಟು, ರಾಜ ಎಷ್ಟು ಎಂದು ಕೇಳಿ ತಿಳಿಯಲು ಬೇಕಾದ ಮೆಟ್ಟಿಲುಗಳೆಲ್ಲ ಇನ್ನೂ ಬಾಕಿ ಇವೆ. ಕೊನೆಗೆ ‘ಆರು ಸ್ಪೇಡ್’ ಎಂದು ನೆಮ್ಮದಿಯಾಗಿ ಕೂತರೆ, ಅವರು ವಲ್ನರಬಲ್ (ಒಂದು ಗೇಮ್ ಮೊದಲೇ ಗೆದ್ದವರು) ಆಗಿದ್ದಲ್ಲಿ, ಅವರಿಗೆ 1430 ಅಂಕ.

ಅದೇ ನೀವು ಮೊದಲ ಬಾಯಲ್ಲೇ ‘ನಾಲ್ಕು ಆಟೀನು’ ಅಂದರೆ? ಪಶ್ಚಿಮದವರು ಈಗ ಏನು ಮಾಡಬೇಕು? ಸ್ಪೇಡ್ ಐದೇ ಇದೆ, ಜೊತೆಗಾರರ ಕೈ ಏನೆಂದು ಒಂದಿಷ್ಟೂ ಗೊತ್ತಿಲ್ಲ. ಧೈರ್ಯ ಮಾಡಿ ‘ನಾಲ್ಕು ಸ್ಪೇಡ್’ ಅಂದರೆ ಪೂರ್ವದವರಿಗೆ ಪೇಚು. ಪಶ್ಚಿಮದವರದು ನಿಜವಾದ ಬಲವೋ, ನಿಮ್ಮ ಒತ್ತಡಕ್ಕೆ ಸಿಕ್ಕು ಕೂಗಿದ್ದೋ? ಬಹಳ ಮಂದಿ ಅಲ್ಲೇ ಪಾಸ್ ಹೇಳುತ್ತಾರೆ. ಹನ್ನೆರಡು ಟ್ರಿಕ್ ಗೆದ್ದರೂ ಸಿಗುವುದು 680. ಅಥವಾ ಪಶ್ಚಿಮದವರು ಡಬಲ್ ಹೇಳಿ, ಪೂರ್ವದವರು ಅದನ್ನು ಹಾಗೇ ಬಿಟ್ಟುಬಿಡಬಹುದು. ಆಗ ನೀವು ಸೋಲುವ ಟ್ರಿಕ್‌ಗಳನ್ನು ಎಣಿಸಿ: ಸ್ಪೇಡ್ ಒಂದು, ಆಟೀನು ಎಕ್ಕ ಒಂದು, ಡೈಮಂಡ್ ಎರಡು, ಕಳಾವರ್ ಎರಡು. ಗೆಲ್ಲುವುದು ಏಳು, ಕಡಿಮೆ ಬಿದ್ದದ್ದು ಮೂರು. ನಿಮ್ಮ ಜೋಡಿ ವಲ್ನರಬಲ್ ಅಲ್ಲದಿದ್ದರೆ ದಂಡ 500. ಎದುರಾಳಿಗಳು ವಲ್ನರಬಲ್ ಆಗಿದ್ದಾಗ ಅವರ ಬರೀ ಗೇಮ್‌ಗೇ 620 ಬರುತ್ತಿತ್ತು, ಸ್ಲ್ಯಾಮ್‌ಗೆ 1430. ಸೋತ ಕೈಯೇ ಇಲ್ಲಿ ಲಾಭದ ಕೈ. ಹೊಸಬರಿಗೆ ಒಪ್ಪಿಸಲು ಅತಿ ಕಷ್ಟವಾದ ಮಾತು ಇದೇ, ಒಮ್ಮೆ ಒಪ್ಪಿದವರು ಬ್ರಿಜ್ ಬಿಟ್ಟು ಹೋಗುವುದಿಲ್ಲ.

ಬಂಡಿಪಾಳ್ಯದ ಎಪಿಎಂಸಿ ಹರಾಜಿನಲ್ಲಿ ಸರಕಿನ ಬೆಲೆ ಮೊದಲೇ ಅಂದಾಜು ಮಾಡಿ ಬಂದ ವ್ಯಾಪಾರಿ ಐದು ಹತ್ತು ಏರಿಸುತ್ತ ಕೂರದೆ ತನ್ನ ಕೊನೆಯ ಬೆಲೆಯನ್ನೇ ಮೊದಲು ಕೂಗಿದರೆ, ಪಕ್ಕದವರಿಗೆ ಯೋಚಿಸಲು ಸಮಯವೇ ಸಿಗುವುದಿಲ್ಲ. ಬ್ರಿಜ್‌ನಲ್ಲಿ ಇದಕ್ಕೆ ಪ್ರಿಎಂಪ್ಟ್ ಎನ್ನುತ್ತಾರೆ. ಎದುರಾಳಿಗಳು ಮಾತಾಡಿಕೊಳ್ಳಬೇಕಾದ ಜಾಗವನ್ನೇ ತೆಗೆದುಬಿಡುವುದು.

ಎಷ್ಟು ಎತ್ತರಕ್ಕೆ ಹಾರಬೇಕು? ಇದಕ್ಕೊಂದು ಹಳೆಯ ಅಳತೆ ಇದೆ, ಈಗಲೂ ಚೆನ್ನಾಗಿ ನಡೆಯುತ್ತದೆ. ಜೊತೆಗಾರರ ಕೈಯಲ್ಲಿ ಏನೂ ಇಲ್ಲ ಎಂದುಕೊಂಡು ನಿಮ್ಮ ಕೈಯೊಂದರಿಂದಲೇ ಎಷ್ಟು ಟ್ರಿಕ್ ಬರುತ್ತದೆ ಎಣಿಸಿ. ವಲ್ನರಬಲ್ ಅಲ್ಲದಿದ್ದರೆ ಅದಕ್ಕೆ ಮೂರು ಸೇರಿಸಿ, ವಲ್ನರಬಲ್ ಆಗಿದ್ದರೆ ಎರಡು. ಮೇಲಿನ ಕೈಯಲ್ಲಿ ಆಟೀನಿನ ಎಕ್ಕ ಒಂದು ಹೋದರೆ ಏಳು ಟ್ರಿಕ್ ಖಚಿತ. ಏಳಕ್ಕೆ ಮೂರು ಸೇರಿ ಹತ್ತು. ಹತ್ತು ಎಂದರೆ ನಾಲ್ಕು ಆಟೀನು. ಮೂರು, ಎರಡು ಎಂಬ ಅಂಕಿಗಳು ಬಂದದ್ದು ದಂಡದ ಪಟ್ಟಿಯಿಂದ. ಡಬಲ್ ಆದಾಗ ವಲ್ನರಬಲ್ ಅಲ್ಲದವರು ಮೂರು ಕಡಿಮೆಯಾದರೆ 500, ವಲ್ನರಬಲ್ ಆದವರು ಎರಡು ಕಡಿಮೆಯಾದರೆ 500. ಒಂದು ಗೇಮ್‌ನ ಬೆಲೆಯ ಆಸುಪಾಸಿನಲ್ಲೇ ದಂಡ ನಿಲ್ಲಬೇಕು ಎಂಬುದು ಲೆಕ್ಕ. ಗೇಮ್ ಮೊದಲೇ ಗೆದ್ದ ಜೋಡಿಗೆ ಲಾಭವೂ ಹೆಚ್ಚು, ದಂಡವೂ ಹೆಚ್ಚು ಎಂಬ ಈ ವಲ್ನರಬಲ್ ನಿಯಮವನ್ನು ಹೆರಾಲ್ಡ್ ವ್ಯಾಂಡರ್‌ಬಿಲ್ಟ್ 1925ರಲ್ಲಿ ‘ಫಿನ್‌ಲ್ಯಾಂಡ್’ ಎಂಬ ಹಡಗಿನಲ್ಲಿ ಪನಾಮ ಕಾಲುವೆಯ ದಾರಿಯಾಗಿ ಹವಾನಾಕ್ಕೆ ಹೋಗುತ್ತ ಆಟಕ್ಕೆ ಸೇರಿಸಿದರು. ಇಂದಿನ ಕಾಂಟ್ರ್ಯಾಕ್ಟ್ ಬ್ರಿಜ್ ರೂಪುಗೊಂಡದ್ದು ಆ ಪ್ರಯಾಣದಲ್ಲೇ.  ಕೂಗುವ ಮುನ್ನ ಯಾರು ವಲ್ನರಬಲ್ ಎಂದು ನೋಡುವ ಅಭ್ಯಾಸವನ್ನು ದಯವಿಟ್ಟು ಮೊದಲ ದಿನದಿಂದಲೇ ಮಾಡಿಕೊಳ್ಳಿ.

ಸಾಮಾನ್ಯ ಅಂದಾಜು ಹೀಗೆ: ಆರು ಎಲೆಗೆ ಎರಡರ ಮಟ್ಟ, ಏಳಕ್ಕೆ ಮೂರು, ಎಂಟಕ್ಕೆ ನಾಲ್ಕು.

ಕೂಗುವುದು ಅರ್ಧ ಕೆಲಸ. ಇನ್ನರ್ಧ, ಕೂಗಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದು. ನನ್ನ ಅನುಭವದಲ್ಲಿ ಹೆಚ್ಚು ಅಂಕ ಹೋಗುವುದು ಇಲ್ಲೇ. ‘ನಾಲ್ಕು ಆಟೀನು’ ಎಂದಾಗ ನೀವು ನಿಮ್ಮ ಕೈಯ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದ್ದೀರಿ. ಎದುರಾಳಿ ‘ನಾಲ್ಕು ಸ್ಪೇಡ್’ ಅಂದ ಕೂಡಲೇ ‘ಐದು ಆಟೀನು’ ಅನ್ನುವವರಿಗೆ ಮೊದಲು ಹೇಳದ ಯಾವ ಹೊಸ ಸಂಗತಿ ಸಿಕ್ಕಿತು? ಒಂದೂ ಇಲ್ಲ. ಇನ್ನು ಮುಂದಿನ ತೀರ್ಮಾನ ಜೊತೆಗಾರರದು. ಅವರಿಗೆ ನಿಮ್ಮ ಕೈ ಗೊತ್ತು, ನಿಮಗೆ ಅವರ ಕೈ ಗೊತ್ತಿಲ್ಲ.

ಆ ಜೊತೆಗಾರರೂ ಪಾಯಿಂಟು ಎಣಿಸಬಾರದು. ನಿಮ್ಮ ಉದ್ದ ಜಾತಿಯ ಪಕ್ಕದಲ್ಲಿ ಅವರ ಎಕ್ಕಕ್ಕೆ, ಎಕ್ಕ-ರಾಜರ ಜೋಡಿಗೆ ಬೆಲೆ ಇದೆ. ಚೆಲ್ಲಾಪಿಲ್ಲಿಯಾಗಿರುವ ರಾಣಿ ಗುಲಾಮರಿಗೆ ಹೆಚ್ಚು ಬೆಲೆ ಇಲ್ಲ. ಅವು ಗೆಲ್ಲಲು ಮೂರು ನಾಲ್ಕು ಸುತ್ತು ಬೇಕು, ಅಷ್ಟರಲ್ಲಿ ನಿಮ್ಮ ಕೈಯಲ್ಲಿ ಆ ಜಾತಿಯೇ ಮುಗಿದಿರುತ್ತದೆ. ಇನ್ನೊಂದು: ಜೊತೆಗಾರರ ಬಳಿ ಆಟೀನು ಒಂದೂ ಇಲ್ಲದಿದ್ದರೂ ‘ಪಾಪ, ಕಷ್ಟಕ್ಕೆ ಸಿಕ್ಕಿಕೊಂಡರು’ ಎಂದು ತಮ್ಮ ಐದು ಎಲೆಯ ಸ್ಪೇಡ್‌ಗೆ ಓಡಬಾರದು. ಎಂಟು ಎಲೆಯ ಜಾತಿಗೆ ಯಾರ ಆಸರೆಯೂ ಬೇಕಿಲ್ಲ.

ಎಲ್ಲ ಉದ್ದ ಕೈಯೂ ಪ್ರಿಎಂಪ್ಟ್‌ಗೆ ತಕ್ಕದ್ದಲ್ಲ. ಜೊತೆಯಲ್ಲಿ ನಾಲ್ಕು ಒಳ್ಳೆಯ ಸ್ಪೇಡ್ ಇದ್ದರೆ ತಡೆಯಿರಿ, ಸ್ಪೇಡ್‌ನಲ್ಲೇ ನಿಮ್ಮ ಆಟ ಇರಬಹುದು. ಹೊರಗೆ ಎರಡು ಎಕ್ಕ ಇದ್ದರೂ ತಡೆಯಿರಿ, ಎದುರಾಳಿಗಳನ್ನು ಸೋಲಿಸುವ ಶಕ್ತಿ ಇರುವವರು ಅವರನ್ನು ಹೆದರಿಸಿ ಓಡಿಸಬೇಕಾಗಿಲ್ಲ. ಕೂತ ಜಾಗವೂ ಮುಖ್ಯ. ಇಬ್ಬರು ಪಾಸ್ ಹೇಳಿದ ಮೇಲೆ ಮೂರನೆಯವರಾಗಿ ಕೂಗುವಾಗ ನಿಮ್ಮ ಜೊತೆಗಾರರೂ ಪಾಸ್ ಹೇಳಿ ಆಗಿದೆ, ಎಡಗಡೆಯವರ ಕೈ ತುಂಬಿರುವ ಸಾಧ್ಯತೆ ಹೆಚ್ಚು, ಸ್ವಲ್ಪ ಧಾರಾಳವಾಗಬಹುದು. ಎರಡನೆಯವರಾಗಿದ್ದರೆ ಶಿಸ್ತು ಬೇಕು, ಏಕೆಂದರೆ ಪಾಸ್ ಹೇಳಿರುವ ಒಬ್ಬರು ಎದುರಾಳಿ; ನೀವು ಜಾಗ ಕಿತ್ತುಕೊಳ್ಳುತ್ತಿರುವುದು ನಿಮ್ಮ ಜೊತೆಗಾರರಿಂದಲೇ ಆಗಿರಬಹುದು.

ಬಲವೂ ಇದ್ದು ಉದ್ದವೂ ಇದ್ದರೆ ಅದನ್ನು ತಿಳಿಸಲು ಬೇರೆ ದಾರಿಗಳಿವೆ. ಅಮೆರಿಕದ ಆಟಗಾರ ಸ್ಯಾಮ್ ಸ್ಟೇಮನ್ ಬಳಕೆಗೆ ತಂದ, ಅವರ ಹೆಸರನ್ನೇ ತಿರುಗಿಸಿ ‘ನಾಮ್ಯಾಟ್ಸ್’ ಎಂದು ಕರೆದ ಪದ್ಧತಿಯಲ್ಲಿ ‘ನಾಲ್ಕು ಕಳಾವರ್’ ಎಂದರೆ ಬಲವಾದ ಉದ್ದ ಆಟೀನು, ‘ನಾಲ್ಕು ಡೈಮಂಡ್’ ಎಂದರೆ ಬಲವಾದ ಉದ್ದ ಸ್ಪೇಡ್. ಹೀಗೆ ಮಾಡಿಕೊಂಡರೆ ‘ನಾಲ್ಕು ಆಟೀನು’ ಎಂಬ ನೇರ ಕೂಗು ನಮ್ಮ ಮೇಷ್ಟ್ರ ಕೈಯಂಥ ಬಡ ಕೈಗೆ ಮೀಸಲಾಗುತ್ತದೆ. ಇನ್ನು ‘ಐದು ಆಟೀನು’ ಅಥವಾ ‘ಐದು ಸ್ಪೇಡ್’ ಎಂದೇ ಶುರು ಮಾಡುವುದು ಜೊತೆಗಾರರಿಗೆ ಒಂದು ಪ್ರಶ್ನೆ: ನನ್ನ ಕೈಯಲ್ಲಿ ಎಲ್ಲ ಸರಿಯಾಗಿದೆ, ತುರುಪಿನ ದೊಡ್ಡ ಎಲೆ ಎರಡು ಇಲ್ಲ, ನಿಮ್ಮಲ್ಲಿ ಒಂದಿದ್ದರೆ ಒಂದು ಮೆಟ್ಟಿಲು ಏರಿಸಿ, ಎರಡಿದ್ದರೆ ಎರಡು.

ಕಳಾವರ್, ಡೈಮಂಡ್ ಉದ್ದ ಬಂದರೆ ಇನ್ನೊಂದು ತೊಡಕು. ಆ ಜಾತಿಗಳಲ್ಲಿ ಗೇಮ್‌ಗೆ ಹನ್ನೊಂದು ಟ್ರಿಕ್ ಬೇಕು. ನೋಟ್ರಂಪ್‌ನಲ್ಲಿ ಒಂಬತ್ತು ಸಾಕು. ಹಾಗಾಗಿ ಎಕ್ಕ, ರಾಜ, ರಾಣಿ ಮುಂದಿಟ್ಟುಕೊಂಡ ಏಳು ಕಳಾವರ್ ಇಲ್ಲವೇ ಡೈಮಂಡ್ ಬಂದು, ಹೊರಗೆ ಎಕ್ಕವಾಗಲಿ ರಾಜನಾಗಲಿ ಇಲ್ಲದಿದ್ದರೆ ‘ಮೂರು ನೋಟ್ರಂಪ್’ ಎಂದೇ ಶುರು ಮಾಡುವ ‘ಗ್ಯಾಂಬ್ಲಿಂಗ್’ ಪದ್ಧತಿ ಇದೆ. ಏಳು ಟ್ರಿಕ್ ನಾನು ತರುತ್ತೇನೆ, ಎರಡು ನೀವು ತನ್ನಿ, ಮಿಕ್ಕ ಜಾತಿಗಳನ್ನು ತಡೆದುಕೊಳ್ಳಿ ಎಂದು ಜೊತೆಗಾರರಿಗೆ ಹೇಳಿದಂತೆ. ಅವರಿಗೆ ಆಗದಿದ್ದರೆ ‘ನಾಲ್ಕು ಕಳಾವರ್’ ಅನ್ನುತ್ತಾರೆ. ನಿಮ್ಮದು ಕಳಾವರ್ ಆಗಿದ್ದರೆ ಪಾಸ್, ಡೈಮಂಡ್ ಆಗಿದ್ದರೆ ‘ನಾಲ್ಕು ಡೈಮಂಡ್’. ಹೆಸರಿನಲ್ಲಿ ಜೂಜಿದ್ದರೂ ಕೆಲಸ ಲೆಕ್ಕದ್ದು. ರಮ್ಮಿ ಕೌಶಲದ ಆಟ ಎಂದು 1967ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳುವಾಗ, ಅದರಲ್ಲಿರುವ ಅದೃಷ್ಟ ಬ್ರಿಜ್‌ನಲ್ಲಿ ಎಲೆ ಹಂಚುವಾಗ ಇರುವಂಥದ್ದೇ ಎಂದು ಬ್ರಿಜ್ಜನ್ನೇ ಅಳತೆಗೋಲಾಗಿ ತೆಗೆದುಕೊಂಡಿತ್ತು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಬ್ರಿಜ್ ಪುರುಷರ ಜೋಡಿ ವಿಭಾಗದಲ್ಲಿ ಚಿನ್ನ ಗೆದ್ದಾಗ ಬರ್ಧನ್ ಅವರ ವಯಸ್ಸು 60. ನಮ್ಮ ಗುಂಪಿನ ಹಿರಿಯರಿಗೆ ನಾನು ಮತ್ತೆ ಮತ್ತೆ ನೆನಪಿಸುವುದು ಇದನ್ನೇ.

ಇಂಥ ಕೈಗಳು ಎಷ್ಟು ಸಲ ಬರುತ್ತವೆ? ಅತಿ ಉದ್ದ ಜಾತಿ ಏಳು ಎಲೆಯದಾಗಿರುವುದು ಸುಮಾರು 28 ಕೈಗೆ ಒಮ್ಮೆ, ಅಂದರೆ ಸಂಜೆಗೊಂದು ಎನ್ನಬಹುದು. ಎಂಟು ಎಲೆ ಸುಮಾರು 214 ಕೈಗೆ ಒಮ್ಮೆ. ಒಂಬತ್ತು ಸುಮಾರು 2,700ಕ್ಕೆ ಒಮ್ಮೆ. ಹತ್ತು ಸುಮಾರು 60,000ಕ್ಕೆ ಒಮ್ಮೆ. ಹದಿಮೂರೂ ಒಂದೇ ಜಾತಿ ಬರುವುದು 15,875 ಕೋಟಿ ಕೈಗಳಿಗೆ ಒಮ್ಮೆ. ಆದರೂ ನಾಲ್ವರಿಗೂ ಹದಿಮೂರು ಹದಿಮೂರು ಬಂತು ಎಂಬ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬರುತ್ತದೆ. ಅದಕ್ಕೆ ಕಾರಣ ಎಲೆ ಕಲಸುವ ರೀತಿ. ಹೊಸ ಕಟ್ಟಿನಲ್ಲಿ ಎಲೆಗಳು ಜಾತಿವಾರು ಇರುತ್ತವೆ. ಕಟ್ಟನ್ನು ಸರಿಯಾಗಿ ಎರಡು ಮಾಡಿ, ಒಂದರ ನಡುವೆ ಒಂದು ಬೀಳುವಂತೆ ನಾಜೂಕಾಗಿ ಎರಡು ಸಲ ಕಲಸಿದರೆ ಪ್ರತಿ ನಾಲ್ಕನೆಯ ಎಲೆ ಒಂದೇ ಜಾತಿಯದಾಗಿ ನಿಲ್ಲುತ್ತದೆ. ಹಂಚಿದರೆ ನಾಲ್ವರಿಗೂ ಒಂದೊಂದು ಪೂರ್ತಿ ಜಾತಿ. ಪರ್ಸಿ ಡಯಾಕೊನಿಸ್ ಮತ್ತು ಡೇವ್ ಬೇಯರ್ 1992ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ 52 ಎಲೆ ಚೆನ್ನಾಗಿ ಬೆರೆಯಲು ಸುಮಾರು ಏಳು ಸಲ ಕಲಸಬೇಕು. ಮನೆಗಳಲ್ಲಿ ಮೂರು ನಾಲ್ಕಕ್ಕೇ ಕೈ ಬಿಡುತ್ತಾರೆ. ದಯವಿಟ್ಟು ಏಳು ಸಲ ಕಲಸಿ.

ಎಲೆಯಾಟದ ಲೆಕ್ಕ ಮೈಸೂರಿಗೆ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯಲ್ಲಿ ಗಂಜೀಫಾ ಎಲೆಗಳ ಹದಿಮೂರು ಬಗೆಯ ಆಟಗಳ ವಿವರವಿದೆ. ಕೆಲವಕ್ಕೆ ಹದಿನೆಂಟು ಜಾತಿ, 360ರವರೆಗೆ ಎಲೆ. ಅಷ್ಟನ್ನು ನೆನಪಿಟ್ಟು ಆಡಿದ ಊರಿನಲ್ಲಿ ನಾಲ್ಕು ಜಾತಿಯ ಆಟ ಕಷ್ಟ ಎಂದು ಯಾರೂ ಹಿಂಜರಿಯಬೇಕಿಲ್ಲ.

ಹತ್ತು ಹನ್ನೊಂದು ಎಲೆಯ ಕೈ ಬಂದಾಗ ಇನ್ನೊಂದು ವಾದ ಏಳುತ್ತದೆ. ಮೆಲ್ಲಗೆ ಏರಿಸುತ್ತ ಹೋಗಿ, ಎದುರಾಳಿಗಳು ದಬ್ಬಿದ್ದರಿಂದಲೇ ಮೇಲೆ ಬಂದವರಂತೆ ನಟಿಸಿದರೆ ಅವರು ಡಬಲ್ ಹೇಳಿಬಿಡುತ್ತಾರೆ, ಕರಾರು ಗೆದ್ದರೆ ಅಂಕವೂ ಹೆಚ್ಚು ಎಂದು ಅನುಭವಿಗಳು ಹೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಇದು ಜಾತಿಯನ್ನು ನೋಡಿ ತೀರ್ಮಾನಿಸುವ ವಿಷಯ. ಸ್ಪೇಡ್ ಉದ್ದವಿದ್ದರೆ ನಿಧಾನ ನಡೆಯುತ್ತದೆ, ಏಕೆಂದರೆ ಎದುರಾಳಿಗಳು ಕೂಗುವ ಯಾವ ಜಾತಿಯನ್ನೂ ಅದೇ ಮಟ್ಟದಲ್ಲಿ ನೀವು ಮೀರಬಹುದು. ಕಳಾವರ್ ಉದ್ದವಿದ್ದರೆ ನಿಧಾನ ಎಂದೂ ಬೇಡ. ಅವರು ಏನೇ ಕೂಗಿದರೂ ನಿಮಗಿಂತ ಮೇಲೆ, ಪ್ರತಿ ಸಲವೂ ಒಂದು ಮಟ್ಟ ಏರಬೇಕಾದವರು ನೀವು.

ಹದಿಮೂರು ಕಳಾವರ್ ಬಂದರೂ ಇದೇ ತೊಂದರೆ. ‘ಏಳು ಕಳಾವರ್’ ಕೂಗಿದರೆ ಹದಿಮೂರೂ ಟ್ರಿಕ್ ನಿಮ್ಮದೇ. ಆದರೆ ಎದುರಾಳಿ ‘ಏಳು ಸ್ಪೇಡ್’ ಅಂದುಬಿಟ್ಟರೆ ನಿಮ್ಮಲ್ಲಿ ತುರುಪು ಒಂದೂ ಇಲ್ಲ. ಹೆದರಿ ನೀವೇ ‘ಏಳು ನೋಟ್ರಂಪ್’ ಅಂದರೆ ಇನ್ನೂ ಕೆಟ್ಟದ್ದು: ಎಡಗಡೆಯವರು ಯಾವುದಾದರೂ ಬೇರೆ ಜಾತಿ ಇಳಿಸುತ್ತಾರೆ, ನಿಮ್ಮ ಕೈಗೆ ಆಟ ಬರುವುದೇ ಇಲ್ಲ, ಎಲೆ ತೆರೆದಿಟ್ಟ ನಿಮ್ಮ ಜೊತೆಗಾರರ ಕೈ (ಡಮ್ಮಿ) ಏನೂ ಗೆಲ್ಲದಿದ್ದರೆ ಹದಿಮೂರು ಕಳಾವರ್ ಹಿಡಿದು ಹದಿಮೂರೂ ಸೋಲಬಹುದು. ಎದುರಾಳಿಯೇ ‘ಏಳು ನೋಟ್ರಂಪ್’ ಅಂದರೆ ಯಾರು ಅಂದರು ಎಂದು ನೋಡಿ. ಬಲಗಡೆಯವರಾದರೆ ಮೊದಲ ಎಲೆ ಇಳಿಸುವವರು ನೀವು, ಧೈರ್ಯವಾಗಿ ಡಬಲ್ ಹೇಳಿ, ಹದಿಮೂರೂ ನಿಮ್ಮದು. ಎಡಗಡೆಯವರಾದರೆ ಮೊದಲ ಎಲೆ ಜೊತೆಗಾರರದು, ಅವರ ಬಳಿ ಕಳಾವರ್ ಇಲ್ಲ. ಡಬಲ್ ಹೇಳಬೇಡಿ.